ಉಪ್ಪು ಮೇಲೇರದು

ನೀರು ಕುದಿದಲ್ಲದೆ ಆವಿಯಾಗದೆಂದೂ, ಆವಿಯಾಗುವಾಗ ತನ್ನೊಳಗಿನ ಉಪ್ಪನ್ನೂ ಕೊಂಡೊಯ್ಯುವುದೆಂದೂ ಬಗೆಯುವವರು ಇಂದಿಗೂ ಉಂಟು. ಮೊದಲನೆಯದಕ್ಕೆ ಹಗ್ಗದ ಮೇಲೆ ಒಣಗುವ ಬಟ್ಟೆಯೇ ಉತ್ತರ; ಎರಡನೆಯದನ್ನು ಮಾತ್ರ ಪರೀಕ್ಷಿಸಿಯೇ ನೋಡಬೇಕು.

ಅಗಲವಾದ ಬೋಗುಣಿಯಲ್ಲಿ ಎರಡು ಬೆರಳೆತ್ತರ ನೀರೆರೆದು, ಹಿಡಿ ಉಪ್ಪನ್ನೂ ಚಿಟಿಕೆ ಅರಿಶಿನವನ್ನೂ ಕದಡಿ, ನಡುವೆ ನೀರಿಗಿಂತ ಎತ್ತರವಾದ ಬರಿಯ ಬಟ್ಟಲೊಂದನ್ನಿರಿಸಿ, ಬೋಗುಣಿಯ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಬಟ್ಟಲಿನ ನೇರಕ್ಕೆ ಹಾಳೆಯ ಮೇಲೊಂದು ಹರಳನ್ನಿಟ್ಟು, ರಾಯಚೂರು ಸೀಮೆಯ ಏಪ್ರಿಲ್ ಬಿಸಿಲಿಗೆ ಒಡ್ಡಿದರೆ, ಕೆಲವು ಗಂಟೆಗಳಲ್ಲಿ ಹಾಳೆಯ ಒಳಮೈಯಲ್ಲಿ ಹನಿಗಳು ಮೂಡಿ, ಹರಳಿನ ತಗ್ಗಿಗೆ ಜಾರಿ, ಬಟ್ಟಲಿಗೆ ತೊಟ್ಟಿಕ್ಕುವುವು. ಆ ನೀರಿಗೆ ಅರಿಶಿನದ ಬಣ್ಣವಿಲ್ಲ, ಉಪ್ಪಿನ ರುಚಿಯಿಲ್ಲ. ಬೋಗುಣಿಯನ್ನು ಪೂರ್ತಿಯಾಗಿ ಒಣಗಲು ಬಿಟ್ಟರೆ ತಳದಲ್ಲಿ ಉಪ್ಪೆಲ್ಲವೂ ಪುಡಿಯಾಗಿ ಉಳಿದಿರುತ್ತದೆ. ಸಮುದ್ರದಿಂದೆದ್ದ ಮಳೆ ಸಿಹಿಯಾಗಿರುವ ಕಾರಣವೂ ಇದೇ.



ಆದರೆ ಈ ಪ್ರಯೋಗವೇ ಇನ್ನೊಂದು ಭ್ರಮೆಗೆ ಎಡೆಗೊಡಬಲ್ಲುದು: ಇಲ್ಲಿಯ ಗದ್ದೆಯಿಂದೆದ್ದ ಆವಿ ಇಲ್ಲಿಯೇ ಮಳೆಯಾಗಿ ಬಿದ್ದೀತೆಂಬುದು. ನಮ್ಮ ಆಕಾಶಕ್ಕೆ ಹಾಳೆಯ ಮುಚ್ಚಳವಿಲ್ಲ. ಗಾಳಿ ಆವಿಯನ್ನು ದೂರಕ್ಕೊಯ್ಯುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಘಟ್ಟದಲ್ಲಿಯೇ ಬಹುಭಾಗ ಸುರಿದುಬಿಡುವುದರಿಂದ, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರುವ ಮಳೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಸುಮಾರು 600ಕ್ಕೆ ಇಳಿಯುತ್ತದೆ. ಘಟ್ಟದ ಆ ಮಳೆಯೇ ತುಂಗಭದ್ರೆಯಾಗಿ ಎಡದಂಡೆಯ ಕಾಲುವೆಯಿಂದ ಸಿಂಧನೂರಿಗೂ, ಕೃಷ್ಣೆಯಾಗಿ ನಾರಾಯಣಪುರದ ಕಾಲುವೆಯಿಂದ ಲಿಂಗಸುಗೂರಿಗೂ ತಲುಪುವುದು, ಜಲಚಕ್ರದ ಸುತ್ತುಹಾದಿಯೆನ್ನಬಹುದು.

ಇನ್ನು ಉಪ್ಪಿನ ಮಾತು. ಕಾಲುವೆ ನೀರಿನಲ್ಲಿಯೂ ಅಲ್ಪ ಲವಣವುಂಟು. ಎರೆಭೂಮಿಯಲ್ಲಿ ಅದಕ್ಕಿಂತ ಹೆಚ್ಚು. ಗದ್ದೆಯಲ್ಲಿ ನೀರು ಸದಾ ನಿಂತರೆ ಸವುಳು ತೊಳೆದುಹೋಗುವುದೆಂದು ನಂಬಿ, ಬಸಿಯುವ ದಾರಿ ಮಾಡದೆ ನೀರನ್ನು ಹಾಯಿಸುತ್ತ ಹೋದರೆ, ಅಂತರ್ಜಲ ಮೇಲೇರಿ, ಮಣ್ಣಿನ ಸಣ್ಣ ರಂಧ್ರಗಳ ಮೂಲಕ ನೆಲದ ಮೈಗೆ ಬಂದು ಆವಿಯಾಗಿ, ಬೋಗುಣಿಯ ತಳದಲ್ಲಿ ಉಳಿದಂತೆಯೇ ಉಪ್ಪನ್ನು ಹೊಲದ ಮೇಲೆ ಬಿಡುತ್ತದೆ. ಉಪ್ಪನ್ನು ಕರಗಿಸಿ ಒಯ್ಯುವುದು ಹರಿದು ಹೊರಹೋಗುವ ನೀರೇ ಹೊರತು ನಿಂತ ನೀರಲ್ಲ. ತಗ್ಗಿನ ಹೊಲದವರು ಇನ್ನಷ್ಟು ನೀರು ಕೇಳುವ ಮುನ್ನ ಬಸಿಗಾಲುವೆ ತೋಡಲಿ; ನೆರೆಹೊರೆಯವರು ಅದಕ್ಕೆ ದಾರಿ ಬಿಡಲಿ.