ಒಂದು ಮಿಲಿಮೀಟರಿನ ಮಲೆನಾಡು

ಸೆಪ್ಟೆಂಬರ್ ಕೊನೆಯ ಸಂಜೆಗಳಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮಳೆ ಹಿಂದೆಗೆದಿದೆ, ಮೋಡ ಇನ್ನೂ ಪೂರ್ತಿ ಹಟ ಬಿಟ್ಟಿಲ್ಲ. ಉಡುಪಿ ಕಡೆಯಿಂದ ಘಾಟಿಯ ತಿರುವುಗಳನ್ನೆಲ್ಲ ಹತ್ತಿ ಬಂದ ಕಾರುಗಳು ರಸ್ತೆಯಂಚಿಗೆ ಸಾಲುಗಟ್ಟಿವೆ. ಚುರುಮುರಿಯವನ ಸುತ್ತ ಮಕ್ಕಳು, ಕಟ್ಟೆಯ ಮೇಲೆ ಮೊಬೈಲು ಎತ್ತಿ ಹಿಡಿದ ಕೈಗಳು. ಎಲ್ಲರ ಮುಖವೂ ಪಡುವಣಕ್ಕೆ. ಮೋಡ ಸರಿದರೆ ದೂರದಲ್ಲಿ ಅರಬ್ಬೀ ಸಮುದ್ರದ ಒಂದು ಗೆರೆ ಕಂಡೀತು ಎಂಬ ಆಸೆ.

ಆ ಅಷ್ಟೂ ಜನರ ಬೆನ್ನಿಗೆ, ರಸ್ತೆಯ ಆಚೆ ಬದಿಯ ಧರೆ ನೀರು ಜಿನುಗಿಸುತ್ತ ನಿಂತಿರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನ ಧರೆ. ಅಂಗೈಯಗಲದ ಜಾಗವೂ ಅಲ್ಲಿ ಬರಿದಾಗಿಲ್ಲ. ದಟ್ಟ ಹಾವಸೆ. ಹಾವಸೆಯೊಳಗಿಂದ ಮೇಲೆದ್ದ ಕೂದಲೆಳೆಯಷ್ಟು ತೆಳ್ಳನೆಯ ಕಾಂಡಗಳು. ಪ್ರತಿ ಕಾಂಡದ ತುದಿಗೂ ಒಂದು ಪುಟ್ಟ ಬೀಜಾಣುಕೋಶ, ಅದರ ಮೂತಿಯಲ್ಲಿ ತೂಗುವ ಒಂದು ಹನಿ. ಆ ಹನಿಯೊಳಗೆ ತಲೆಕೆಳಗಾದ ಕಾಡಿದೆ, ತಲೆಕೆಳಗಾದ ಕಟ್ಟೆ ಮತ್ತು ಜನರಿದ್ದಾರೆ. ಸ್ವಲ್ಪ ತಾಳಿದರೆ ತಲೆಕೆಳಗಾದ ಸೂರ್ಯನೂ ಬರುತ್ತಾನೆ. ನಾನು ಆಗುಂಬೆಯ ಸೂರ್ಯಾಸ್ತವನ್ನು ನೋಡುವುದು ಹೆಚ್ಚಾಗಿ ಹೀಗೆ, ಧರೆಗೆ ಮುಖ ಮಾಡಿ, ಹನಿಯೊಳಗೆ.

ಇದನ್ನು ತೋರಿಸಿಕೊಟ್ಟದ್ದು ಟ್ಯಾಮ್ರಾನ್ ಕಂಪನಿಯ 90 ಎಂ.ಎಂ. ಮ್ಯಾಕ್ರೊ ಲೆನ್ಸ್. ಈಗಿನ ಹೊಸ ಮಾದರಿಯಲ್ಲ. ಹತ್ತಿರದ್ದನ್ನು ಫೋಕಸ್ ಮಾಡುವಾಗ ಕಿರ್ರೆನ್ನುತ್ತ ಮೂತಿ ಮುಂದಕ್ಕೆ ಚಾಚುವ ಹಳೆಯದು. ತೂಕ ಅರ್ಧ ಕಿಲೋಗಿಂತ ಕಡಿಮೆ. ಮುಂಭಾಗದ ಗಾಜು ಕೊಳವೆಯ ಒಳಗೆ ಆಳದಲ್ಲಿರುವುದರಿಂದ ಸಣ್ಣ ಮಳೆಗೆ ಹೆದರಬೇಕಿಲ್ಲ. ಪ್ರವಾಸಕ್ಕೆ ಒಂದೇ ಲೆನ್ಸ್ ಒಯ್ಯಬೇಕೆಂದರೆ ಹೆಚ್ಚಿನವರು ಅಗಲದಿಂದ ದೂರದವರೆಗೆ ಎಲ್ಲವನ್ನೂ ಹಿಡಿಯುವ ಝೂಮ್ ಆರಿಸುತ್ತಾರೆ. ನನ್ನ ಚೀಲಕ್ಕೆ ಮೊದಲು ಬೀಳುವುದು ಇದು. ಇದು ಜೊತೆಗಿದ್ದರೆ ಒಂದು ದಿನಕ್ಕೆ ಒಂದು ಫರ್ಲಾಂಗು ನಡೆದರೂ ಊರು ನೋಡಿದ ತೃಪ್ತಿ ಸಿಗುತ್ತದೆ.

ನಿಜವಾದ ಮ್ಯಾಕ್ರೊ ಲೆನ್ಸಿನ ಗುಣ ಒಂದೇ: ವಸ್ತು ಎಷ್ಟು ದೊಡ್ಡದಿದೆಯೋ ಸೆನ್ಸರಿನ ಮೇಲೆ ಅಷ್ಟೇ ದೊಡ್ಡ ಬಿಂಬ ಮೂಡಿಸುವುದು. 2011ರಲ್ಲಿ ಬಂದ ನಮ್ಮ ಒಂದು ರೂಪಾಯಿ ನಾಣ್ಯದ ಅಡ್ಡಗಲ ಸುಮಾರು 22 ಮಿ.ಮೀ.; ಫುಲ್‌ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ. ಅಂದರೆ ನಾಣ್ಯವೊಂದೇ ಚಿತ್ರದ ಮೇಲಂಚಿನಿಂದ ಕೆಳಗಂಚಿನವರೆಗೆ ಹೆಚ್ಚುಕಡಿಮೆ ತುಂಬಿಕೊಳ್ಳುತ್ತದೆ. ನಾಣ್ಯದ ಜಾಗದಲ್ಲಿ ಹಾವಸೆಯ ಕೋಶವನ್ನೋ ಇರುವೆಯ ಮುಖವನ್ನೋ ಇಟ್ಟು ನೋಡಿ. ಟ್ಯಾಮ್ರಾನಿನ 90 ಎಂ.ಎಂ. ವಂಶ ಶುರುವಾದದ್ದು 1979ರಲ್ಲಿ, ಆಗ ಅದಕ್ಕೆ ನಿಜ ಗಾತ್ರದ ಅರ್ಧದಷ್ಟು ಮಾತ್ರ ಸಾಧ್ಯವಿತ್ತು. ಇನ್ನೂ ಹಿಂದೆ, 1956ರಲ್ಲಿ, ನಿಕಾನ್ ತನ್ನ ಮೊದಲ ಮೈಕ್ರೊ ಲೆನ್ಸ್ ಮಾಡಿದ್ದು ಹೂವಿಗೂ ಅಲ್ಲ, ಹುಳಕ್ಕೂ ಅಲ್ಲ. ಜಪಾನಿನ ಪುಸ್ತಕ, ದಾಖಲೆಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವಾಗ ಅಲ್ಲಿನ ಲಿಪಿಯ ನವುರಾದ ಗೆರೆಗಳು ಒಂದಕ್ಕೊಂದು ಕಲಸಿಹೋಗುತ್ತಿದ್ದವು. ಅವನ್ನು ಬಿಡಿಸಿ ಹಿಡಿಯಲು ಹುಟ್ಟಿದ ಗಾಜು ಅದು. ಅಕ್ಷರ ಓದಲು ಬಂದ ಲೆನ್ಸ್ ಮುಂದೆ ಎಲೆಯ ನರ ಓದತೊಡಗಿತು.

ಕಷ್ಟವೂ ಉಂಟು. ನಿಜ ಗಾತ್ರಕ್ಕೆ ಹೋದಾಗ ಅಪರ್ಚರನ್ನು ಎಫ್/8ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಪದರದ ದಪ್ಪ ಸುಮಾರು ಒಂದು ಮಿಲಿಮೀಟರ್. ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಹಿಡಿದರೆ ಕಣ್ಣು ಹೋಯಿತು. ಮೂತಿ ಚಾಚಿದ ಲೆನ್ಸಿನೊಳಗೆ ಬೆಳಕು ಕೂಡ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಆಟೊಫೋಕಸ್ ನಂಬಿ ಕೂರುವಂತಿಲ್ಲ. ಲೆನ್ಸನ್ನು ಬೇಕಾದ ಅಳತೆಗೆ ತಿರುಗಿಸಿಟ್ಟು, ಮೊಣಕೈ ಮಂಡಿಗೆ ಊರಿ, ಉಸಿರು ಬಿಗಿಹಿಡಿದು ಇಡೀ ಮೈಯನ್ನೇ ಎಳ್ಳುಕಾಳಿನಷ್ಟು ಮುಂದೆ, ಎಳ್ಳುಕಾಳಿನಷ್ಟು ಹಿಂದೆ ಸರಿಸಬೇಕು. ಬೇಕಾದ ಗೆರೆ ತೀಕ್ಷ್ಣವಾದ ಕ್ಷಣಕ್ಕೆ ಬಟನ್ ಒತ್ತಬೇಕು. ಬೆಳಗಿನ ಜಾವ ಇದಕ್ಕೆ ಒಳ್ಳೆಯದು. ಬಿಸಿಲೇರುವ ತನಕ ಕೀಟಗಳ ಮೈ ಬಿಸಿಯಾಗಿರುವುದಿಲ್ಲ. ಗದ್ದೆಯಂಚಿನ ಹುಲ್ಲುಗರಿಯನ್ನು ತಬ್ಬಿ ಕೂತ ಏರೋಪ್ಲೇನ್ ಚಿಟ್ಟೆ ರೆಕ್ಕೆ ತುಂಬ ಇಬ್ಬನಿ ಹೊತ್ತು ಅಲುಗಾಡದೆ ಇರುತ್ತದೆ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಬೇಲಿಯಲ್ಲಿ ಮಾವಿನ ಮರ, ಮರದಲ್ಲಿ ಚಗಳಿಯ ಕೊಟ್ಟೆಗಳು. ಚಗಳಿ ಎಲೆಗಳನ್ನು ಹತ್ತಿರಕ್ಕೆಳೆದು ಹಿಡಿದು, ತನ್ನ ಮರಿಹುಳುಗಳ ಬಾಯಿಂದ ಬರುವ ರೇಷ್ಮೆಯಲ್ಲಿ ಹೊಲಿದು ಗೂಡು ಮಾಡುವ ಕೆಂಪಿರುವೆ. ಕೊಂಬೆಯ ಮೇಲೆ ಅವುಗಳ ಸಾಲು ಹರಿಯುತ್ತಿದೆ. ಸಾಲಿನಿಂದ ಒಂದು ಗೇಣು ದೂರದ ಎಲೆಯ ಮೇಲೆ ಒಂಟಿ ಚಗಳಿ. ಅದೇ ಕೆಂಗಂದು ಬಣ್ಣ, ಅದೇ ಸಣ್ಣ ಸೊಂಟ, ಮುಂದೆ ಆಡಿಸುವ ಎರಡು ಮೀಸೆ. ಲೆನ್ಸ್ ಹತ್ತಿರ ಹೋದಂತೆ ಅದರ ನಡಿಗೆ ಬೇರೆ ಅನ್ನಿಸುತ್ತದೆ. ನಾಲ್ಕು ಹೆಜ್ಜೆ, ನಿಲುಗಡೆ, ತಿರುಗಿ ಒಂದು ನೋಟ. ಇರುವೆ ಹೀಗೆ ತಿರುಗಿ ನೋಡುವುದಿಲ್ಲ. ಇನ್ನೂ ಹತ್ತಿರವಾದಾಗ ಮುಖದ ಮುಂಭಾಗದಲ್ಲಿ ಎರಡು ದೊಡ್ಡ ಕಣ್ಣುಗಳು ಹೊಳೆಯುತ್ತವೆ, ನೇರ ಗಾಜಿನತ್ತ.

ಅದು ಜಿಗಿಜೇಡ. ಮೀಸೆಯೆಂದು ಕಂಡದ್ದು ಮೇಲೆತ್ತಿದ ಮುಂಗಾಲುಗಳು. ತಲೆಯ ಎರಡು ಬದಿಗೂ ಇರುವೆಯ ಕಣ್ಣಿನ ಜಾಗದಲ್ಲೇ ಎರಡು ಕಪ್ಪು ಮಚ್ಚೆಗಳಿವೆ. ಗಂಡು ಜೇಡವಾದರೆ ಅದರ ದವಡೆ ಎಷ್ಟು ಉದ್ದವೆಂದರೆ, ನೋಡುವವರಿಗೆ ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಕಚ್ಚುವ, ಹುಳಿ ಆಮ್ಲ ಸಿಡಿಸುವ ಚಗಳಿಯ ತಂಟೆಗೆ ಹಕ್ಕಿಗಳೂ ದೊಡ್ಡ ಜೇಡಗಳೂ ಸುಲಭಕ್ಕೆ ಬರುವುದಿಲ್ಲ. ಆ ಹೆದರಿಕೆಯ ನೆರಳಲ್ಲಿ ಇದರ ಬದುಕು. ಆದರೆ ನಿಜವಾದ ಚಗಳಿಗೆ ಇದು ಬಹಳ ಅಂಜುತ್ತದೆ. ಒಂದು ಇರುವೆ ಇತ್ತ ಬಂದದ್ದೇ ತಡ, ಜೇಡ ಎಲೆಯಂಚಿನಿಂದ ನೂಲು ಬಿಟ್ಟು ಕೆಳಕ್ಕಿಳಿದು ತೂಗಾಡುತ್ತದೆ. ವೇಷ ಬಯಲಾಗುವುದು ಆ ನೂಲಿನಿಂದ.

"ಎಂತ ಹುಡುಕ್ತಿದೀರಾ ಅಣ್ಣ? ಚಗಳಿ ಅಲ್ವಾ ಅದು, ಕಚ್ತಾವೆ" ಎಂದು ಸೊಪ್ಪಿನ ಹೊರೆ ಇಳಿಸಿ ನಿಂತ ಹಿರಿಯ ಹೆಂಗಸೊಬ್ಬರು ಕೇಳಿದರು.

"ಇದಕ್ಕೆ ಕಾಲು ಎಷ್ಟಿದೆ, ಎಣಿಸಿ ನೋಡಿ ಅಮ್ಮ" ಎಂದು ಕ್ಯಾಮೆರಾದ ಪರದೆ ತೋರಿಸಿದೆ.

ಅವರು ಬೆರಳು ತಾಗಿಸದೆ, ತುಟಿಯಲ್ಲೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಎಂಟು! ನಾ ಸಣ್ಣೋಳಿಂದ ಚಟ್ನಿಗೆ ಚಗಳಿ ಕೊಟ್ಟೆ ಇಳಿಸ್ತಾ ಬಂದೀನಿ. ಇಂಥದ್ದು ಕಂಡೇ ಇಲ್ಲಲ್ಲ." ಆಮೇಲೆ ಹೊರೆ ಮರೆತು ಆ ಮರದಡಿ ನನ್ನ ಜೊತೆ ಬಹಳ ಹೊತ್ತು ನಿಂತರು. ಇನ್ನೊಂದನ್ನು ಹುಡುಕಿ ತೋರಿಸಿದ್ದು ಅವರೇ. ಚಗಳಿಯ ಓಡಾಟ ಬಲ್ಲ ಕಣ್ಣಿಗೆ ತಪ್ಪು ನಡಿಗೆ ಬೇಗ ಸಿಕ್ಕಿತು.

ಘಟ್ಟ ಇಳಿದರೆ ಕರಾವಳಿಯ ಮುರಕಲ್ಲಿನ ಪದವುಗಳು. ಬೇಸಗೆಯಲ್ಲಿ ಕಾದ ಹಂಚಿನ ಹಾಗಿರುವ ಈ ಕೆಂಪು ಬಯಲನ್ನು ಜನ ಪಾಳು ಎನ್ನುತ್ತಾರೆ; ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಳೆಗಾಲದ ಕೊನೆಗೆ ಹೋಗಿ ಹೊಟ್ಟೆಯಡಿಯಾಗಿ ಮಲಗಿ ನೋಡಬೇಕು. ಕಲ್ಲಿನ ತಗ್ಗುಗಳಲ್ಲಿ ಬೆರಳೆತ್ತರದ ಡ್ರೊಸೆರಾ ಗಿಡಗಳು, ಮೈತುಂಬ ಕೆಂಪು ರೋಮ, ಪ್ರತಿ ರೋಮದ ತುದಿಗೂ ಒಂದು ಮಣಿ. ಇಬ್ಬನಿಯಾಗಿದ್ದರೆ ಬಿಸಿಲಿಗೆ ಆರಬೇಕಿತ್ತು. ನಡುಮಧ್ಯಾಹ್ನವೂ ಹೊಳೆಯುವ ಅದು ಅಂಟು. ಗುಂಗುರು ಬಂದು ಕೂತರೆ ಕಾಲು ಸಿಕ್ಕಿಕೊಂಡಿತು. ಅಕ್ಕಪಕ್ಕದ ರೋಮಗಳು ನಿಧಾನವಾಗಿ ಅದರತ್ತ ಬಾಗುತ್ತವೆ. ಸಾರವಿಲ್ಲದ ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಗಿಡ ಹೀಗೆ ಹುಳಗಳಿಂದ ಪಡೆದು ಉಣ್ಣುತ್ತದೆ. ಡಾರ್ವಿನ್ ಈ ಕುಲದ ಗಿಡಗಳಿಗೆ ಮರುಳಾಗಿ ವರ್ಷಗಟ್ಟಲೆ ಪ್ರಯೋಗ ಮಾಡಿ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಪಕ್ಕದಲ್ಲೇ ನೀಲಿ ಹೂವು ಹಾಸಿಕೊಂಡ ಯುಟ್ರಿಕುಲೇರಿಯ ನೀರಡಿಯ ತನ್ನ ಪುಟ್ಟ ಚೀಲಗಳಲ್ಲಿ ಬೇಟೆಯನ್ನು ಒಳಗೆಳೆದುಕೊಳ್ಳಲು ಹಿಡಿಯುವ ಹೊತ್ತು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಯಾವ ಕ್ಯಾಮೆರಾ ಹಿಡಿದ ಕೈಗೂ ಅದು ಎಟುಕದು. ಹೂವಿನ ಚಿತ್ರವಷ್ಟೇ ನಮ್ಮ ಪಾಲಿಗೆ.

ಬೇಲೂರಿಗೆ ಮ್ಯಾಕ್ರೊ ಲೆನ್ಸ್ ಯಾಕೆ ಎಂದು ಕೇಳುವವರಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ಇಡಿಯಾಗಿ ಹಿಡಿಯಲು ಅಗಲದ ಲೆನ್ಸ್ ಬೇಕು, ನಿಜ. ಆದರೆ ಅದನ್ನು ಕಟ್ಟಿದವರು ಇಡಿಯಾಗಿ ಮಾತ್ರ ಯೋಚಿಸಿದವರಲ್ಲ. ಹೊರಗೋಡೆಯ ಸೂರಿನಡಿಯ ಮದನಿಕೆಯರಲ್ಲಿ ಒಬ್ಬಳ ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರದಲ್ಲಿ ಹಲಸಿನ ಹಣ್ಣಿದೆ. ಹಣ್ಣಿನ ಮೇಲೆ ಒಂದು ನೊಣ ಕೂತಿದೆ. ನೊಣಕ್ಕೆ ಹೊಂಚು ಹಾಕಿದ ಹಲ್ಲಿಯಿದೆ. ಕೆಳಗೆ ನಿಂತು ಬರಿಗಣ್ಣಲ್ಲಿ ನೋಡುವ ಭಕ್ತನಿಗೆ ಸುಲಭಕ್ಕೆ ಕಾಣದ ಎತ್ತರದಲ್ಲಿ ಶಿಲ್ಪಿ ಆ ನೊಣವನ್ನು ಕೂರಿಸಿದ್ದಾನೆ. 90 ಎಂ.ಎಂ. ಸಾಧಾರಣ ದೂರಕ್ಕೆ ಒಳ್ಳೆಯ ಟೆಲಿ ಲೆನ್ಸ್ ಕೂಡ ಆದ್ದರಿಂದ, ಬೆಳಗಿನ ಓರೆ ಬಿಸಿಲು ಬಿದ್ದಾಗ ಆ ಹಲ್ಲಿಯ ತವಕ ಚಿತ್ರಕ್ಕೆ ಸಿಗುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಅವರ ಉಳಿಗೆ ಒದಗಿ ಬಂದದ್ದು ನಿಜ. ಆದರೂ ನೊಣವನ್ನು ಕಲ್ಲಿನಿಂದ ಹೊರತೆಗೆಯುವ ಮೊದಲು ಯಾರೋ ಒಬ್ಬರು ಹಲಸಿನ ಹಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನಿಜವಾದ ನೊಣವನ್ನು ನೋಡಿರಲೇಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಯರ ಕೆಳಗೆ ಹೆಸರು ಕೆತ್ತಿಹೋಗಿದ್ದಾರೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನನಗೆ ಆ ಗೌರವದ ಅಳತೆ ಆ ನೊಣದಲ್ಲಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಮಳೆಗಾಲದ ರಾತ್ರಿಯ ರಾಮಪತ್ರೆ ಜಡ್ಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ, ಕಾಡುಜಾಯಿಕಾಯಿ ಜಾತಿಯ ಮರಗಳು ಕೆಸರಿನಲ್ಲಿ ನಿಂತು, ಉಸಿರಾಡಲು ಮಂಡಿ ಮಡಿಸಿದಂಥ ಬೇರುಗಳನ್ನು ಮೇಲೆತ್ತಿರುತ್ತವೆ. ಕಾಲಿಗೆ ಉಂಬಳ, ಕತ್ತಿಗೆ ಮರದ ಹನಿ, ಕಿವಿಗೆ ಕಪ್ಪೆಗಳ ಟಕ್ ಟಕ್. ಈ ನಾಡಿನ ಹಳ್ಳಗಳಲ್ಲೇ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕಂಡು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆ ಇದೆ. ನೀರಿನ ಮೇಲಿನ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಮಣ್ಣು ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಬಗ್ಗಿ ಮಣ್ಣೆತ್ತುವುದು, ಹಿಂಗಾಲ ಮೇಲೆ ಎದ್ದು ಮೆತ್ತುವುದು, ಮತ್ತೆ ಬಗ್ಗುವುದು. ಇಂಥ ಕಡೆ ಲೆನ್ಸನ್ನು ನಿಜ ಗಾತ್ರಕ್ಕೆ ಒಯ್ಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರ ನಿಂತು, ಕಡಿಮೆ ಬೆಳಕಲ್ಲಿ, ಸಿಕ್ಕಷ್ಟು ಸಾಕು.

ಯಾಕೆಂದರೆ ಹತ್ತಿರದ ಚಿತ್ರದ ಹಂಬಲ ಈಗ ಬಹಳ ಜನರಿಗೆ ಹತ್ತಿದೆ, ಅದರ ಪೆಟ್ಟು ಬೀಳುತ್ತಿರುವುದು ಸಣ್ಣ ಜೀವಗಳ ಮೇಲೆ. ಅಲುಗಾಡದಿರಲೆಂದು ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ತೆಗೆಯುತ್ತಾರೆ, ಅಂಟು ಹಾಕಿ ಕೂರಿಸುತ್ತಾರೆ. ಹಾರುವ ಹಸಿರು ಮರಗಪ್ಪೆ ಕೆರೆಯ ಮೇಲಿನ ಎಲೆಗಳಲ್ಲಿ ಕಟ್ಟಿದ ನೊರೆಗೂಡನ್ನು ಕೊಂಬೆಸಮೇತ ಎಳೆದು ಬೆಳಕಿಗೆ ತರುತ್ತಾರೆ. ಆ ನೊರೆಯ ಹೊರಪದರ ಹರಿದರೆ ಒಳಗಿನ ಮೊಟ್ಟೆ ಒಣಗುತ್ತದೆ. ನೀರಿನ ಮೇಲಿಂದ ಗೂಡು ಸರಿದರೆ ಗೊದಮೊಟ್ಟೆಗಳು ಬೀಳುವುದು ನೆಲಕ್ಕೆ. ಚಿತ್ರದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಈ ಮಳೆಗಾಲಕ್ಕೆ ಮ್ಯಾಕ್ರೊ ಲೆನ್ಸ್ ಹಿಡಿದು ಘಟ್ಟಕ್ಕೆ ಬರುವವರಲ್ಲಿ ನನ್ನ ಕೋರಿಕೆ ಇಷ್ಟು. ಮೀಸಲು ಅರಣ್ಯಕ್ಕೆ ಇಲಾಖೆಯ ಅನುಮತಿ ಪಡೆದೇ ಕಾಲಿಡಿ. ಎಲೆ ತಿರುಗಿಸಬೇಡಿ, ಕಲ್ಲು ಮಗುಚಬೇಡಿ, ಕೊಂಬೆ ಬಗ್ಗಿಸಬೇಡಿ. ಕಪ್ಪೆ ಮೊಟ್ಟೆಯ ಮೇಲಿದ್ದರೆ ಫ್ಲಾಶ್ ಹೊಡೆಯಬೇಡಿ. ಚಿತ್ರ ಹಂಚಿಕೊಳ್ಳುವಾಗ ಯಾವ ಹಳ್ಳ, ಯಾವ ಮರ ಎಂದು ಬರೆಯಬೇಡಿ. ಜಿಲ್ಲೆಯ ಹೆಸರು ಸಾಕು.