ಸ್ಟೆಪ್ನಿ ಇಳಿಸುವ ಮಾತು: ಸೊಲ್ಲಾಪುರ-ಅಕ್ಕಲಕೋಟೆ ಭಾಗದ ಲಾರಿ ಕೆಲಸದ ಕನ್ನಡ

ಗಡಿಭಾಗದ ಕನ್ನಡವೆಂದರೆ ನಮ್ಮ ಗಮನ ಸಾಮಾನ್ಯವಾಗಿ ಮನೆ, ಹೊಲ, ಹಬ್ಬ, ಹಾಡುಗಳ ಕಡೆಗೆ ಹೋಗುತ್ತದೆ. ರಸ್ತೆಬದಿಯ ಕನ್ನಡ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಲಾರಿಯ ಅಡಿಯಲ್ಲಿ ಕಚ್ಚಿಕೊಂಡ ಸ್ಟೆಪ್ನಿಯನ್ನು ಇಳಿಸುವ ಕೆಲಸವನ್ನು, ಸೊಲ್ಲಾಪುರ-ಅಕ್ಕಲಕೋಟೆ ಭಾಗದ ಮಾತಿನ ಸಮೇತ, ಇಲ್ಲಿ ವಿವರಿಸಲಾಗಿದೆ.

ಮೊದಲು ಹೆಸರು. ವೇಲ್ಸ್ ದೇಶದ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಬದಲಿ ಗಾಲಿಗೆ ಆ ಬೀದಿಯ ಹೆಸರೇ ನಿಂತಿತು. ಅದು ಕಡ್ಡಿಗಳಿಲ್ಲದ ಗಾಲಿ. ಪಂಚರ್ ಆದ ಗಾಲಿಯ ಮಗ್ಗುಲಿಗೆ ಬಿಗಿಯುತ್ತಿದ್ದರು. ಆ ವಸ್ತು ಮರೆಯಾಯಿತು, ಹೆಸರು ನಮ್ಮಲ್ಲಿ ಉಳಿಯಿತು. ಜಾಕ್, ಪಾನಾ, ಟಾಮಿ ಕೂಡ ಹೀಗೆಯೇ ಹೊರಗಿನಿಂದ ಬಂದ ಹೆಸರುಗಳು.

ಲಾರಿಯಲ್ಲಿ ಈ ಗಾಲಿ ಹಲವೊಮ್ಮೆ ಚಾಸಿಯ ಕೆಳಗೆ ಮಲಗಿರುತ್ತದೆ. ರಿಮ್ಮಿನ ನಡುವಿನ ತೂತಿನಲ್ಲಿ ಇಳಿದ ಸರಪಳಿಯ ತುದಿಗೆ ಒಂದು ಪಟ್ಟಿ. ಅದರ ಮೇಲೆ ಗಾಲಿಯ ಭಾರ. ಟಾಮಿ ಹಾಕಿ ತಿರುವಿದರೆ ಸರಪಳಿ ಏರುತ್ತದೆ, ಇಳಿಯುತ್ತದೆ. ಬಹುಕಾಲ ಮುಟ್ಟದೆ ಬಿಟ್ಟರೆ ಮಳೆನೀರು, ಎರಿಮಣ್ಣಿನ ಕೆಸರು ಸೇರಿ ಎಲ್ಲವೂ ತುಕ್ಕಿನಿಂದ ಒಂದಾಗುತ್ತದೆ. ತುಕ್ಕಿಗೆ ಈ ಕಡೆ 'ಜಂಗ' ಎಂಬ ಮಾತುಂಟು. ಆದೋನಿ ಕಡೆಯ ನೆರೆಭಾಷೆ ತೆಲುಗಿನಲ್ಲಿ ಅದು 'ತುಪ್ಪು', ತಾಳವಾಡಿಯ ನೆರೆಯ ತಮಿಳಿನಲ್ಲಿ 'ತುರು', ಕಾಸರಗೋಡಿನ ನೆರೆಯ ಮಲಯಾಳದಲ್ಲಿ 'ತುರುಂಬು'.

ಕೆಲಸದ ಕ್ರಮ ಹೀಗೆ. "ತಮ್ಮಾ, ಮೊದ್ಲ ಗಾಡಿ ಸಪಾಟ ಜಾಗಾದಾಗ ನಿಂದ್ರಸು, ಗಾಲಿಗೆ ಕಲ್ಲ ಕೊಡು." ಆಮೇಲೆ ಕೆಸರು ಕೆರೆದು, ತಿರುವುವ ಗೂಟಕ್ಕೂ ಸರಪಳಿಗೂ ಪಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. "ಒಮ್ಮೆಲೆ ಜೋರ ಹಾಕಬ್ಯಾಡ, ತುಸು ಬಿಗಿ, ತುಸು ಸಡ್ಲ ಮಾಡು." ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ತುಕ್ಕು ಒಡೆಯುತ್ತದೆ, ಒಂದೇ ಕಡೆ ಎಳೆದರೆ ಗೂಟವೇ ಮುರಿಯುತ್ತದೆ. ಸರಪಳಿ ಸಡಿಲವಾದರೂ ಗಾಲಿ ಇಳಿಯದಿದ್ದರೆ ಅದು ಮೇಲೆ ಕಚ್ಚಿದೆ ಎಂದರ್ಥ. ಆಗ ಕೆಳಗೆ ಹಲಗೆಯಿಟ್ಟು ಜಾಕ್ ಕೊಟ್ಟು, ದೂರದಿಂದ ಉದ್ದನೆಯ ಮರದ ತುಂಡಿನಿಂದ ಟಾಯರಿನ ಅಂಚಿಗೆ ಹೊಡೆದು ಬಿಡಿಸಿ, ಜಾಕನ್ನು ಮೆಲ್ಲಗೆ ಇಳಿಸಬೇಕು. ಯಾವುದಕ್ಕೂ ಬಗ್ಗದಿದ್ದರೆ, ಜಾಕಿನ ಮೇಲೆ ಭಾರ ಹೊರಿಸಿ, ಗರಗಸದಿಂದ ಸರಪಳಿ ಕೊಯ್ಯುವುದು ಕಡೆಯ ದಾರಿ. ಗ್ಯಾಸ್ ಬೆಂಕಿ ಕೂಡದು. ಗಾಳಿ ತುಂಬಿದ ಟಾಯರು ಕಾದರೆ ಸಿಡಿಯುತ್ತದೆ. ಟ್ಯೂಬಿನ ಗಾಲಿಗಳ ರಿಮ್ಮಿಗಿರುವ ಬಿಡಿ ಉಕ್ಕಿನ ರಿಂಗಿಗೂ ಸುತ್ತಿಗೆ ತಾಗಿಸಬಾರದು.

ರಿಮ್ಮು ಸೇರಿ ದೊಡ್ಡ ಲಾರಿಯ ಗಾಲಿ ಸುಮಾರು 100 ಕೆ.ಜಿ. ತೂಗುತ್ತದೆ. ಆದ್ದರಿಂದಲೇ "ಸ್ಟೆಪ್ನಿ ಕೆಳಗ ಮಕ್ಕೋಬ್ಯಾಡ, ಬಾಜೂಕ ಕೂಡು" ಎನ್ನುವುದು.

ಇಲ್ಲಿ ಭಾಷೆಯ ವಿಷಯ ಬರುತ್ತದೆ. ಸಾಮಾನುಗಳ ಹೆಸರು ಹೊರಗಿನವಾದರೂ ಆಜ್ಞೆಗಳು ಕನ್ನಡದವೇ: ಹಿಡಿ, ಎತ್ತು, ತಿರುವು, ಇಳಸು, ಬಿಡು. ಇವುಗಳಲ್ಲಿ 'ಬಿಡು' ಎರಡಲಗಿನ ಕತ್ತಿ. "ಸರಪಳಿ ಬಿಡು" ಎಂದರೆ ಸಡಿಲಿಸು. "ಇರ್ಲಿ ಬಿಡು" ಎಂದರೆ ನಿಲ್ಲಿಸು. ಒಬ್ಬ ಟಾಮಿ ಹಿಡಿದು ನಿಂತಿದ್ದಾನೆ, ಇನ್ನೊಬ್ಬ ಗಾಲಿಗೆ ಕೈಕೊಟ್ಟಿದ್ದಾನೆ. ಕೈ ಸಿಕ್ಕವನು "ಬಿಡು ಬಿಡು" ಎಂದು ಕೂಗಿದರೆ ಮೇಲಿನವನು ನಿಲ್ಲಿಸಬೇಕೋ, ಸಡಿಲಿಸಬೇಕೋ? ಮನೆಯೊಳಗೆ ಸಂದರ್ಭ ಅರ್ಥವನ್ನು ತಿಳಿಸುತ್ತದೆ. ಲಾರಿಯ ಕೆಳಗೆ ಅಷ್ಟು ಹೊತ್ತಿರುವುದಿಲ್ಲ. ಆದಕಾರಣ ಇಳಿಸಲು 'ಇಳಸು', ನಿಲ್ಲಿಸಲು 'ನಿಂದ್ರು' ಎಂದು ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳುವುದು ಕ್ಷೇಮ.

ಎರವಲು ನಾಮಪದಗಳನ್ನಷ್ಟೇ ಎಣಿಸಿ ಗಡಿ ಕನ್ನಡ ಕೆಟ್ಟಿತೆನ್ನುವವರು ಈ ಕ್ರಿಯಾಪದಗಳನ್ನೂ ಕೇಳಬೇಕು. ಜೀವಕ್ಕೆ ಅಪಾಯವಿರುವಲ್ಲಿ ಬಾಯಿಗೆ ಬರುವುದು ಅವೇ.