ನೆತ್ತಿಯ ಸೂರ್ಯ, ಜೇನಿನ ಲೆಕ್ಕ

ಮರದ ಪೊಟರೆಯ ಕತ್ತಲಲ್ಲಿ ತುಡುವೆ ಜೇನೊಂದು ಹೊಟ್ಟೆ ಅಲ್ಲಾಡಿಸುತ್ತ ಎರಿಯ ಮೇಲೆ ನೇರ ಓಡುತ್ತದೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತು ಹಾಕಿ ಮತ್ತೆ ಅದೇ ಗೆರೆಗೆ ಬರುತ್ತದೆ. ಹೂವಿರುವ ಜಾಗವನ್ನು ಒಡನಾಡಿಗಳಿಗೆ ತಿಳಿಸುವ ಕುಣಿತ ಇದು. ಓಟ ದೀರ್ಘವಾದಷ್ಟೂ ಹೂವು ದೂರ. ಓಟದ ಓರೆ ದಿಕ್ಕನ್ನು ಹೇಳುತ್ತದೆ. ಇದರ ಗುಟ್ಟು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ನಾವಿಕರೂ ಸರ್ವೆಯವರೂ ದಿಕ್ಕನ್ನು ದಿಗಂಶದಲ್ಲಿ ಅಳೆಯುತ್ತಾರೆ. ಉತ್ತರವೆಂದರೆ ಸೊನ್ನೆ. ಅಲ್ಲಿಂದ ಪ್ರದಕ್ಷಿಣವಾಗಿ ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ಸೂರ್ಯನ ದಿಗಂಶ ಬೇಕಿದ್ದರೆ ಅವನಿಂದ ನೇರ ಕೆಳಕ್ಕೆ ದಿಗಂತದವರೆಗೆ ಗೆರೆ ಎಳೆದುಕೊಂಡು, ಅದು ಮುಟ್ಟಿದ ಬಿಂದುವನ್ನು ಅಳೆಯಬೇಕು. ಅವನು ಎಷ್ಟು ಎತ್ತರದಲ್ಲಿದ್ದಾನೆ ಎಂಬುದು ಇಲ್ಲಿ ಬೇಕಿಲ್ಲ.

ಜೇನಿಗೆ ಸೊನ್ನೆಯೆಂದರೆ ಸೂರ್ಯನ ದಿಗಂಶ. ನೆಟ್ಟಗೆ ನಿಂತ ಎರಿಯ ಮೇಲೆ ಅದು ‘ಮೇಲೆ’ ಎಂದಾಗುತ್ತದೆ. ಲಂಬಕ್ಕೆ 36 ಡಿಗ್ರಿ ಬಲಕ್ಕೆ ಓಡಿದರೆ, ಸೂರ್ಯನ ದಿಕ್ಕಿನಿಂದ 36 ಡಿಗ್ರಿ ಬಲಕ್ಕೆ ಹಾರಿ ಎಂದರ್ಥ. ಮೋಡ ಕವಿದರೂ ಒಂದು ತುಂಡು ನೀಲಿ ಆಕಾಶ ಕಂಡರೆ ಸಾಕು, ಅಲ್ಲಿನ ಬೆಳಕಿನ ಧ್ರುವೀಕರಣದಿಂದಲೇ ಸೂರ್ಯನ ನೆಲೆಯನ್ನು ಊಹಿಸಿಕೊಳ್ಳುತ್ತದೆ.

ತೊಡಕಿರುವುದು ಸೂರ್ಯ ಸರಿಯುವುದರಲ್ಲಿ. ಡಿಸೆಂಬರ್ 21ರಂದು ಬೆಂಗಳೂರಿನಲ್ಲಿ ಅವನು ಹುಟ್ಟುವುದು ಸುಮಾರು 114 ಡಿಗ್ರಿಯಲ್ಲಿ, ನಡುಹಗಲಿಗೆ ಇರುವುದು 180ರಲ್ಲಿ. 150 ಡಿಗ್ರಿಯಲ್ಲಿರುವ ಹೂವಿಗೆ ಬೆಳಗ್ಗೆ 36 ಡಿಗ್ರಿ ಬಲಕ್ಕೆ ಕುಣಿದ ಜೇನು ಮಧ್ಯಾಹ್ನ 30 ಡಿಗ್ರಿ ಎಡಕ್ಕೆ ಕುಣಿಯಬೇಕು. ಗಂಟೆಗೆ ಇಷ್ಟು ಡಿಗ್ರಿ ಎಂದು ಗುಣಿಸಿಬಿಡುವಂತೆಯೂ ಇಲ್ಲ. ಹುಟ್ಟಿದ ಮೊದಲ ಮೂರು ಗಂಟೆಗಳಲ್ಲಿ ದಿಗಂಶ ಸರಿಯುವುದು ಸುಮಾರು 19 ಡಿಗ್ರಿ. ನಡುಹಗಲಿಗೆ ಮುಂಚಿನ ಮೂರು ಗಂಟೆಗಳಲ್ಲಿ ಸುಮಾರು 50. ಜೇನಿನೊಳಗಿನ ಗಡಿಯಾರ ಈ ಏರುಪೇರನ್ನೂ ಸರಿದೂಗಿಸುತ್ತದೆ. ಬೆಳದಿಂಗಳಲ್ಲಿ ಮೇವಿಗೆ ಹೋಗುವ ಹೆಜ್ಜೇನಂತೂ ಚಂದ್ರನನ್ನು ಬಿಟ್ಟು, ದಿಗಂತದ ಕೆಳಗೆ ಅಡಗಿದ ಸೂರ್ಯನನ್ನೇ ಲೆಕ್ಕಕ್ಕೆ ಹಿಡಿದು ಕುಣಿಯುತ್ತದೆ.

ಈ ಲೆಕ್ಕ ಕೈಕೊಡುವ ಗಳಿಗೆ ಒಂದಿದೆ. ಸೂರ್ಯ ನಡುನೆತ್ತಿಗೆ ಬಂದರೆ ಅವನಿಗೆ ದಿಗಂಶವೇ ಇರುವುದಿಲ್ಲ. ಕೆಳಕ್ಕೆ ಇಳಿಸಿದ ಗೆರೆ ಯಾವ ದಿಕ್ಕಿಗೂ ಬೀಳಬಹುದು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಹೀಗಾಗುತ್ತದೆ. ಅವೇ ಶೂನ್ಯ ನೆರಳಿನ ದಿನಗಳು. 1950ರ ದಶಕದಲ್ಲಿ ಶ್ರೀಲಂಕಾದಲ್ಲಿ ಜೇನುಗಳನ್ನು ಗಮನಿಸಿದ ಮಾರ್ಟಿನ್ ಲಿಂಡೌವರ್, ಸೂರ್ಯ ನೆತ್ತಿಗೆ ತೀರ ಹತ್ತಿರವಾದಾಗ ಅವು ದಿಕ್ಕುಗೆಡುವುದನ್ನು ಕಂಡರು.

ಅಂಥ ದಿನ ಸೂರ್ಯ ಬೆಳಗೆಲ್ಲ ಪೂರ್ವದ ಆಸುಪಾಸಿನಲ್ಲೇ ಮೇಲೇರಿ, ನಡುಹಗಲು ದಾಟಿದ್ದೇ ಪಶ್ಚಿಮಕ್ಕೆ ಜಿಗಿಯುತ್ತಾನೆ. ವಿಶೇಷವೆಂದರೆ ಜೇನಿನ ಹುಟ್ಟುಜ್ಞಾನವೂ ಹೀಗೇ ಇದೆ. 1994ರಲ್ಲಿ ಫ್ರೆಡ್ ಡೈಯರ್ ಮತ್ತು ಜೆಫ್ರಿ ಡಿಕಿನ್ಸನ್, ಸಂಜೆಯ ಸೂರ್ಯನನ್ನಷ್ಟೇ ಕಂಡು ಬೆಳೆದ ಜೇನುಗಳನ್ನು ಮೊದಲ ಸಲ ಬೆಳಗ್ಗೆ, ಮೋಡ ಮುಚ್ಚಿದಾಗ ಹೊರಬಿಟ್ಟರು. ಸೂರ್ಯ ಸಂಜೆಯ ದಿಕ್ಕಿಗೆ ನೇರ ಎದುರಿನಲ್ಲಿದ್ದಾನೆ ಎಂದೇ ಎಣಿಸಿ ಅವು ಕುಣಿದವು. ಬೆಳಗ್ಗೆ ಒಂದು ಕಡೆ, ಸಂಜೆ ಅದರೆದುರು ಎಂಬ ಒರಟು ಪಂಚಾಂಗ ಅವಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಊರಿಗೂ ಋತುವಿಗೂ ಒಪ್ಪುವ ತಿದ್ದುಪಡಿಯನ್ನು ಬಿಸಿಲಿನಲ್ಲಿ ಹಾರಾಡಿ ಕಲಿಯುತ್ತವೆ.

ಸೂರ್ಯನ ದಿಗಂಶ ಸರಿಯುವ ಏರುಪೇರನ್ನು ನೀವೂ ಪರೀಕ್ಷಿಸಬಹುದು. ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ಗೆರೆ ಗುರುತು ಮಾಡಿ. ನೆರಳು ಬೀಳುವುದು ಸೂರ್ಯನ ದಿಗಂಶಕ್ಕೆ ನೇರ ಎದುರಿಗೆ. ಗೆರೆಗಳ ನಡುವಿನ ಕೋನಗಳನ್ನು ಅಳೆದು, ಅದನ್ನೇ ಏಪ್ರಿಲ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಮಾಡಿ ಹೋಲಿಸಿ. ಜೇನು ದಿನವೂ ಬಿಡಿಸುವ ಲೆಕ್ಕ ಎಷ್ಟು ಕಠಿಣವೆಂದು ನಿಮಗೇ ತಿಳಿಯುತ್ತದೆ.